ಕಂಠಪೂರ್ತಿ ಪೆಟ್ರೋಲು

ನಮ್ಮ ಯಜಮಾನರು ಕಾರಿಗೆ ಪೆಟ್ರೋಲು ಹಾಕಿಸುವುದಿಲ್ಲ, ಔಷಧಿ ಕುಡಿಸುತ್ತಾರೆ. ಊಟಕ್ಕೆ ಮುಂಚೆ ಒಂದು ಚಮಚ, ಊಟವಾದ ಮೇಲೆ ಒಂದು ಚಮಚ, ಕೆಮ್ಮಿದರೆ ಇನ್ನೊಂದು. (ಕಾರು ಕೆಮ್ಮುತ್ತದೆ. ಹೊಟ್ಟೆಗಿಲ್ಲದಿದ್ದರೆ ಯಾರು ತಾನೇ ಕೆಮ್ಮುವುದಿಲ್ಲ?)

ನಾನು ಓದಿದ ಕಾನ್ವೆಂಟಿನಲ್ಲಿ ‘ಇ’ ಬಂದರೆ ಎಕ್ಸಲೆಂಟ್, ‘ಎಫ್’ ಬಂದರೆ ಫೇಲ್. ನಮ್ಮವರು ಕಾನ್ವೆಂಟಿನ ಮೆಟ್ಟಿಲು ಹತ್ತಿದವರಲ್ಲ. ಆದರೂ ಪೆಟ್ರೋಲಿನ ಮುಳ್ಳನ್ನು ಸಿಸ್ಟರಮ್ಮನಷ್ಟೇ ಶಿಸ್ತಿನಿಂದ ಖಾಲಿ ಎನ್ನುವ ‘ಇ’ಯ ಪಕ್ಕದಲ್ಲೇ ಕೂರಿಸಿ ಬೆಳೆಸಿದ್ದಾರೆ. ಅದು ಅರ್ಧ ದಾಟಿದ್ದನ್ನು ನಾನು ಕಂಡವಳಲ್ಲ.

“ಅಲ್ರೀ, ಒಂದ್ಸಲ ಫುಲ್ ಮಾಡ್ಸಿದ್ರೆ ಗಂಟೇನು ಹೋಗುತ್ತೆ?”

“ಅಷ್ಟು ಭಾರ ಹೊತ್ಕೊಂಡು ಓಡೋಕೆ ಅದೇನು ಕತ್ತೆನಾ? ಮೊದ್ಲೇ ನೀನು ಬೇರೆ ಕೂತಿರ್ತೀಯ.”

ತುಂಬಿದ ಕೊಡ ತುಳುಕುವುದಿಲ್ಲ ಎಂದು ಹಿರಿಯರು ಹೇಳಿ ಹೋದರು. ತುಂಬಿದ ಟ್ಯಾಂಕು ತುಳುಕಿಯೇ ತುಳುಕುತ್ತದೆ, ತುಳುಕಿದ್ದೆಲ್ಲ ದಂಡ ಎಂಬುದು ಇವರ ಮಹಾಸಂಶೋಧನೆ.

ಆ ಚಮಚದ ಡೋಸಿಗೂ ಬಂಕಿನಲ್ಲಿ ಇವರ ವಿಧಿವಿಧಾನಗಳನ್ನು ನೋಡಬೇಕು. ಮೊದಲು ನನ್ನನ್ನು ಕೆಳಗಿಳಿಸುತ್ತಾರೆ. ನಾನು ಕೂತರೆ ಟ್ಯಾಂಕು ಅದುಮಿಕೊಂಡು ಜಾಗ ಕಮ್ಮಿಯಾಗುತ್ತದಂತೆ. ಚಕ್ರಕ್ಕೆ ಗಾಳಿ ಹಿಡಿಸುವ ಮೂಲೆಯಲ್ಲಿ ನಾನು ಬ್ಯಾಗು ತಬ್ಬಿಕೊಂಡು ನಿಲ್ಲುತ್ತೇನೆ. ಇವರು ಮೀಟರಿನ ಸೊನ್ನೆಗೆ ಮೂಗು ತಾಗಿಸಿ ನಿಲ್ಲುತ್ತಾರೆ. (ಇವರದು ಕನ್ನಡಕದ ಅಂಗಡಿ. ಊರಿನವರ ಕಣ್ಣನ್ನೆಲ್ಲ ಸರಿ ಮಾಡಿದವರಿಗೆ ಹೆಂಡತಿಯ ಕಣ್ಣೀರು ಮಾತ್ರ ಕಾಣುವುದಿಲ್ಲ.) ಹಾಕಿದ್ದಾದ ಮೇಲೆ ಪೈಪನ್ನು ಕೊಡವಿಸುತ್ತಾರೆ. ಆಮೇಲೆ ಡಿಕ್ಕಿಯ ಮೇಲೆ ಎರಡೂ ಕೈಯಿಟ್ಟು, ಡಬ್ಬಿಯಲ್ಲಿ ಸಕ್ಕರೆ ಕುಲುಕಿ ಕೂರಿಸುವಂತೆ, ಇಡೀ ಕಾರನ್ನು ಕುಲುಕುತ್ತಾರೆ. “ಮೂಲೆಮೂಲೆಗೂ ಇಳೀಲಿ ಕಣೇ!” ಕೊನೆಗೆ ಮುಚ್ಚಳವನ್ನು ಮಗು ಮಲಗಿಸಿದ ಹಾಗೆ ತಟ್ಟುತ್ತಾರೆ. ಹಿಂದೆ ನಿಂತ ಗಾಡಿಗಳು ಹಾರ್ನ್ ಹೊಡೆಯುತ್ತವೆ. ನಾನು ಆ ಕಾರಿಗೂ ಆ ಮನುಷ್ಯನಿಗೂ ಸಂಬಂಧವೇ ಇಲ್ಲದವಳಂತೆ ಆಕಾಶ ನೋಡುತ್ತೇನೆ.

ಆಕಾಶದಲ್ಲಿ ನನಗೆ ಅಪ್ಪ ಕಾಣುತ್ತಾರೆ.

ಶಾಲೆಗೆ ರಜೆ ಬಂದ ದಿನ ಅಪ್ಪ ತಮ್ಮ ಹಳೇ ಕಾರನ್ನು ಬಂಕಿಗೆ ತಂದು, ಕಿಟಕಿಯಿಂದ ಕೈಯಾಚೆ ಹಾಕಿ ಕೂಗುತ್ತಿದ್ದರು: “ಕಂಠಪೂರ್ತಿ ಕುಡಿಸಪ್ಪಾ!” ಹಿಂದಿನ ಸೀಟಿನಲ್ಲಿ ನಾನು ಗಾಜು ಇಳಿಸಿ, ಕಣ್ಣು ಮುಚ್ಚಿ, ಆ ವಾಸನೆಯನ್ನು ಎಳೆದುಕೊಳ್ಳುತ್ತಿದ್ದೆ. ಮೂಗಿನೊಳಗೆ ಪೆಟ್ರೋಲು ಹೊಕ್ಕಿತೆಂದರೆ ಮುಗಿಯಿತು, ಹೊತ್ತಿಳಿಯುವಷ್ಟರಲ್ಲಿ ಸಮುದ್ರ ಬಂದೇ ಬರುತ್ತಿತ್ತು. ಪೆಟ್ರೋಲಿನಿಂದಲೇ ಸಮುದ್ರ ಹುಟ್ಟುತ್ತದೆ ಎಂದು ಎಷ್ಟೋ ವರ್ಷ ನಂಬಿದ್ದೆ.

ಮದುವೆಯಾದ ಮೇಲೆ ನಾನು ಸಮುದ್ರ ಕಂಡಿಲ್ಲ. ನಮ್ಮ ಕಾರು ಗೂಟಕ್ಕೆ ಕಟ್ಟಿದ ಕರು. ನಾದಿನಿಯ ಮನೆ, ತರಕಾರಿ ಮಾರ್ಕೆಟ್ಟು, ಹಲ್ಲಿನ ಡಾಕ್ಟರು, ಹಗ್ಗ ಅಷ್ಟೇ ಉದ್ದ. ಒಮ್ಮೆ ಹಠ ಹಿಡಿದು ಹೊರಡಿಸಿದ್ದೆ. ಸಿಕ್ಕಸಿಕ್ಕ ಬಂಕಿನಲ್ಲೆಲ್ಲ ಒಂದೊಂದು ಚಮಚ, ಒಂದೊಂದು ಕುಲುಕಾಟ. ಅರ್ಧ ದಾರಿಯಲ್ಲೇ ಸೂರ್ಯ ಬೇಸತ್ತು ಮುಳುಗಿದ. ನಾವು ತಿರುಗಿ ಬಂದೆವು.

ಹೋದ ತಿಂಗಳು ಅಂಗಡಿಗೆ ಬಣ್ಣ ಹೊಡೆಸಲು ಮೂರು ದಿನ ಬಾಗಿಲು ಹಾಕುವುದೆಂದಾಯಿತು. ಬಣ್ಣದ ವಾಸನೆಗೆ ತಲೆ ತಿರುಗಿತ್ತೋ ಏನೋ, “ನಾಳೆ ಸಮುದ್ರಕ್ಕೆ ಹೋಗಿ ಬರೋಣ. ದಾರೀಲಿ ಅಲ್ಲಲ್ಲಿ ಹಾಕಿಸ್ತಾ ಹೋದ್ರಾಯ್ತು” ಎಂದರು. ಆ ‘ಅಲ್ಲಲ್ಲಿ’ ಎಂದರೇನೆಂದು ನನಗೆ ಗೊತ್ತಿತ್ತು. ಮಧ್ಯಾಹ್ನ ಅವರು ಗೊರಕೆಯ ಸಾಮ್ರಾಜ್ಯವನ್ನು ಆಳುತ್ತಿದ್ದಾಗ ಕೀ ಎತ್ತಿಕೊಂಡು ಬಂಕಿಗೆ ಹೋದೆ.

“ಎಷ್ಟಕ್ಕೆ ಹಾಕ್ಲಿ ಅಮ್ಮಾ?” ಪೈಪು ಹಿಡಿದಾಕೆ ಕೇಳಿದಳು.

“ಕಂಠಪೂರ್ತಿ!” ಎಂದೆ. ಕೈ ತಾನಾಗಿ ಕಿಟಕಿಯಾಚೆ ಹೋಯಿತು.

ಆಕೆ ಕಾರನ್ನು ನೋಡಿದಳು, ನನ್ನನ್ನು ನೋಡಿದಳು. ದನಿ ತಗ್ಗಿಸಿ, “ಯಾಕಮ್ಮಾ, ಸಾಹೇಬ್ರು ಹುಷಾರಾಗಿದಾರೆ ತಾನೆ?” ಎಂದಳು.

ಮನೆಯಲ್ಲಿ ಈ ವಿಷಯ ಬಾಯಿ ಬಿಡಲಿಲ್ಲ. ಒಂದಾದ ಮೇಲೊಂದು ಬಂಕು ಹಿಂದೆ ಓಡುವುದನ್ನು ಕಂಡು ಇವರು ಕಣ್ಣರಳಿಸಬೇಕು, ಆಗ ಹೇಳಬೇಕು ಎಂಬುದು ನನ್ನ ಆಸೆ.

ಬೆಳಿಗ್ಗೆ ಬುತ್ತಿ, ಫ್ಲಾಸ್ಕು, ಟೋಪಿ, ಮರಳಿಗೆಂದೇ ಕೊಂಡ ಚಪ್ಪಲಿ, ಎಲ್ಲ ಹೊತ್ತು ಹೊರಗೆ ಬಂದೆ. ಕಾರಿಲ್ಲ. ಗಂಡನೂ ಇಲ್ಲ. ಫೋನು ಮಾಡಿದೆ.

“ಗ್ಯಾರೇಜಲ್ಲಿದೀನಿ ಕಣೇ. ದೊಡ್ಡ ಅನಾಹುತ ತಪ್ತು! ಹೊರಡೋ ಮುಂಚೆ ನೋಡ್ತೀನಿ, ಪೆಟ್ರೋಲ್ ಮುಳ್ಳು ಕೆಟ್ಟು ಕೂತಿದೆ.”

“ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತು?”

“ಎಫ್ ತೋರಿಸ್ತಿದೆ! ನಮ್ಮ ಕಾರು! ಎಫ್!”

ಬುತ್ತಿ ಹಿಡಿದುಕೊಂಡೇ ಓಡಿದೆ. ಅಷ್ಟರಲ್ಲಿ ಹಿಂದಿನ ಸೀಟು ನೆಲಕ್ಕೆ ಬಂದಿತ್ತು. ಟ್ಯಾಂಕಿನೊಳಗೆ ಒಂದು ಗುಂಡು ತೇಲುತ್ತಿರುತ್ತದಂತೆ, ಅದು ಮೇಲೆದ್ದರೆ ಮುಳ್ಳೂ ಏಳುತ್ತದಂತೆ. ಆ ಗುಂಡು ಸಿಕ್ಕಿಹಾಕಿಕೊಂಡಿದೆಯೆಂದು ಟ್ಯಾಂಕು ಬಿಚ್ಚಿಸುತ್ತಿದ್ದರು. ನನ್ನ ಸಮುದ್ರ ಕ್ಯಾನುಕ್ಯಾನುಗಳಲ್ಲಿ ಸಾಲಾಗಿ ಕೂತಿತ್ತು.

“ಖಾಲಿ ಟ್ಯಾಂಕು ಅಂದ್ರಲ್ಲ ಸಾರ್,” ಮೆಕ್ಯಾನಿಕ್ ಬೆವರು ಒರೆಸಿಕೊಂಡ, “ಬಿಚ್ಚಿದ್ರೆ ಕೆರೆ!”

ಇವರು ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. “ಪೆಟ್ರೋಲ್ ಕದಿಯೋರನ್ನ ನೋಡಿದೀನಿ. ಕದ್ದು ಬಂದು ಹಾಕೋರನ್ನ ನೋಡಿಲ್ಲ. ಇದ್ರಲ್ಲೇನೋ ಮಸಲತ್ತಿದೆ ಕಣೇ.”

“ಮಸಲತ್ತು ನಂದೇ ರೀ.”

“ನಿಂದಾ? ಯಾಕೆ?”

“ಎಲ್ಲೂ ನಿಲ್ಲದೆ ಹೋಗ್ಬೇಕಿತ್ತು. ಅಪ್ಪನ ಜೊತೆ ಹೋಗ್ತಿದ್ದ ಹಾಗೆ.”

ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. “ಮೊದ್ಲೇ ಹೇಳೋದಲ್ವೇನೇ?” ಎಂದಷ್ಟೇ ಹೇಳಿ, ಕ್ಯಾನುಗಳ ಪಕ್ಕದಲ್ಲಿ ಕೂತು ನನ್ನ ಬುತ್ತಿ ಬಿಚ್ಚಿದರು. ಸಮುದ್ರದ ದಂಡೆಯ ಊಟವನ್ನು ನಾವು ಹಳೇ ಟೈರುಗಳ ಮೇಲೆ ಕೂತು ಮುಗಿಸಿದೆವು. ಎಲ್ಲ ಮತ್ತೆ ಜೋಡಿಸುವ ಹೊತ್ತಿಗೆ ಸಂಜೆಯಾಗಿತ್ತು. ಸುರಿಯುವಾಗ ನೆಲಕ್ಕೆ ಹೋದದ್ದು ಸ್ವಲ್ಪ. ಆದರೂ ಮುಳ್ಳು ‘ಎಫ್’ ಮುಟ್ಟಿತು.

ಮರುದಿನ ಬೆಳಿಗ್ಗೆ ಪವಾಡ. ನಾನು ಏಳುವ ಮೊದಲೇ ಇವರು ತಲೆ ಬಾಚಿ, ಟೋಪಿ ಹಾಕಿ, ಸ್ಟೀರಿಂಗ್ ಹಿಡಿದು ಕೂತಿದ್ದಾರೆ. “ಹತ್ತು, ಸಮುದ್ರಕ್ಕೆ. ಎಲ್ಲೂ ನಿಲ್ಲಲ್ಲ, ಎಲ್ಲೂ ಇಳಿಸಲ್ಲ!”

ಹತ್ತಿದೆ. ಇವರು ಕೀ ತಿರುಗಿಸಿದರು. ಮುಳ್ಳು ನಿಧಾನವಾಗಿ ಎದ್ದು, ತೂಗಿ, ‘ಎಫ್’ನ ಮೇಲೆ ಹೋಗಿ ಕೂತಿತು. ಎಂಥಾ ಚೆಂದ! ಇಷ್ಟು ವರ್ಷ ನೆಲ ನೋಡಿಕೊಂಡಿದ್ದ ಹುಡುಗಿ ತಲೆಯೆತ್ತಿದ ಹಾಗೆ. ಇವರು ಗೇರಿಗೆ ಕೈ ಹಾಕಿದರು.

“ತಾಳ್ರೀ” ಎಂದೆ.

“ಏನಾಯ್ತು?”

“ಅಲ್ಲಿಗೆ ಹೋಗಿ ಬರೋ ಹೊತ್ತಿಗೆ ಮುಳ್ಳು ಎಲ್ಲಿರುತ್ತೆ?”

“ಇಷ್ಟು ದಿನ ಇದ್ದಲ್ಲೇ. ಇ.”

ನಾನು ಮುಳ್ಳನ್ನೇ ನೋಡಿದೆ. ಹೋಗಿ ಬಂದರೆ ಸಮುದ್ರವೂ ಮುಗಿಯಿತು, ಪೆಟ್ರೋಲೂ ಮುಗಿಯಿತು. ಮತ್ತೆ ಅದೇ ಚಮಚ. ಹೋಗದಿದ್ದರೆ ಯಾವಾಗ ಬೇಕಾದರೂ ಹೋಗಬಹುದು. ಹೊರಡುವ ಮುಂಚಿನ ಆ ಕಣ್ಣು ಮುಚ್ಚಿದ ಗಳಿಗೆ ಇದೆಯಲ್ಲ, ನಾನು ಇಷ್ಟು ವರ್ಷ ಹಂಬಲಿಸಿದ್ದು ಅದಕ್ಕೇ ಇರಬೇಕು ಎಂದು ನನ್ನನ್ನೇ ನಂಬಿಸಿಕೊಂಡೆ.

“ಇವತ್ತೊಂದಿನ ಹೀಗೇ ಇರ್ಲಿ ರೀ” ಎಂದೆ. ನನ್ನ ಬಾಯಿಂದ ಇವರ ದನಿ ಬಂದಂತಾಯಿತು. ಇವರು ನನ್ನನ್ನು, ಮೊದಲ ಸಲ ಹೆಣ್ಣು ನೋಡಲು ಬಂದಾಗ ನೋಡಿದ್ದಂತೆ, ಬಲು ಮೆಚ್ಚಿ ನೋಡಿದರು.

ಆ ‘ಒಂದಿನ’ ಈಗ ತಿಂಗಳಾಗುತ್ತ ಬಂತು. ಇವರು ಅಂಗಡಿಗೆ ನಡೆದು ಹೋಗುತ್ತಾರೆ. ಹಲ್ಲಿನ ಡಾಕ್ಟರಿಗೆ ನಾನು ಬಸ್ಸಿನಲ್ಲಿ ಹೋಗುತ್ತೇನೆ. ಸಂಜೆ ಇಬ್ಬರೂ ಕಾರಿನ ಹತ್ತಿರ ಬರುತ್ತೇವೆ. ನಾನು ಹಿಂದಿನ ಸೀಟಿನಲ್ಲಿ ಕೂತು, ಗಾಜು ಇಳಿಸಿ, ಕಣ್ಣು ಮುಚ್ಚುತ್ತೇನೆ. (ಕಾಲಲ್ಲಿ ಮರಳಿಗೆಂದು ಕೊಂಡ ಚಪ್ಪಲಿಯೇ.) ಇವರು ಮುಚ್ಚಳವನ್ನು ಒಂದಿಷ್ಟು ಸಡಿಲಿಸಿ, ಡಿಕ್ಕಿಯ ಮೇಲೆ ಎರಡೂ ಕೈಯಿಟ್ಟು ಮೆಲ್ಲಗೆ ಕುಲುಕುತ್ತಾರೆ. ಸೀಟಿನ ಕೆಳಗೆ ಗುಳುಂ ಗುಳುಂ ಎಂದು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ.

“ಕೇಳಿಸ್ತೇನೇ?”

“ಕೇಳಿಸ್ತು. ಇನ್ನೂ ಸ್ವಲ್ಪ ದೊಡ್ಡ ಅಲೆ ಬರ್ಲಿ.”

ನಿನ್ನೆ ಪಕ್ಕದ ಮನೆಯಾಕೆ ಗೇಟಿನ ಹತ್ತಿರ ನಿಂತು ನೋಡಿಯೇ ನೋಡಿದರು. ಆಮೇಲೆ ತಡೆಯಲಾರದೆ ಒಳಗೇ ಬಂದರು.

“ಏನ್ರೀ ಪಾಪ, ದಿನಾ ತಳ್ತಿರ್ತೀರಲ್ಲ, ಪೆಟ್ರೋಲ್ ಖಾಲಿನಾ?”

ನಾನು ಕಣ್ಣು ತೆರೆಯಲಿಲ್ಲ.

“ಸ್ವಲ್ಪ ಹಿಂದೆ ಸರಿದು ನಿಂತ್ಕೊಳ್ಳಿ,” ಎಂದೆ, “ಕಾಲು ಒದ್ದೆಯಾಗುತ್ತೆ.”