ತೊಟ್ಟಿಲಿಗೆ ಹಚ್ಚಿದ ವಾರ್ನಿಶ್

ಹಳೆಯ ವಸ್ತುವನ್ನು ಹೊಸದು ಮಾಡುವುದರಲ್ಲಿ ನನ್ನಂಥ ಕೈ ಇಡೀ ಮಣ್ಣೂರಿನಲ್ಲಿ ಇಲ್ಲವೆಂದು ನಾನು ನಂಬಿದ್ದೆ. ಮೊಬೈಲಿನಲ್ಲಿ ನೋಡಿದ ನಾಲ್ಕು ವಿಡಿಯೋಗಳೇ ಈ ನಂಬಿಕೆಗೆ ಆಧಾರ!

ಮೊಮ್ಮಗಳಿಗೆ ಹೆಸರಿಡುವ ಕಾರ್ಯ ಹತ್ತಿರ ಬಂದಿತ್ತು. ಮುತ್ತಜ್ಜನ ಕಾಲದ ಸಾಗವಾನಿ ತೊಟ್ಟಿಲನ್ನು ಅಟ್ಟದಿಂದ ಇಳಿಸಿದೆವು. ಕಪ್ಪಾಗಿತ್ತು. ಅಂಚಿನ ತುಂಬ ಇಲಿ ಕಡಿದಂಥ ಕಚ್ಚುಗಳು.

"ಒರಸಿ ಇಟ್ರ ಸಾಕ್ರಿ. ಇದ್ದದ್ದು ಇದ್ದಂಗೇ ಚಂದ ಅದ," ಎಂದಳು ಹೆಂಡತಿ ಸುಶೀಲಾ.

"ನಿನಗೇನ್ ತಿಳೀತದ? ಕಾರ್ಯಕ್ಕ ಬಂದವ್ರು ನೋಡಿ ದಂಗಾಗ್ಬೇಕು!" ಎಂದೆ.

ದಂಗಾದರು. ಆ ಮಾತು ಆಮೇಲೆ.

ಉಜ್ಜು ಕಾಗದಕ್ಕೆ ಕಚ್ಚುಗಳು ಜಗ್ಗಲಿಲ್ಲ. ಸಿಟ್ಟಿಗೆದ್ದು, ಬಡಿಗೇರ ಮನೆಯಿಂದ ಉಜ್ಜುಗೊರಡು ತಂದು ಅಂಚನ್ನೇ ಹೆರೆದುಬಿಟ್ಟೆ. ಮೇಲೆ ಎರಡು ಕೈ ವಾರ್ನಿಶ್. ಒಣಗುವುದೊಂದು ಬಾಕಿ!

ಕಾರ್ಯದ ದಿನ ಜೇವರ್ಗಿಯಿಂದ ಗಂಗತ್ತೆ ಬಂದಳು. ತೀರಿಹೋದ ನನ್ನ ಅಪ್ಪನ ಅಕ್ಕ. ಕಣ್ಣು ಮಂಜು. ಕೂಸನ್ನು ಎದೆಗವಚಿಕೊಂಡು ತೊಟ್ಟಿಲಿನ ಅಂಚನ್ನು ಸವರಿದಳು. ಮತ್ತೆ ಸವರಿದಳು. ಬೆರಳಿಗೆ ವಾರ್ನಿಶ್ ಅಂಟಿತು.

"ಏನ್ ಹುಡುಕಾಕತ್ತೀರಿ ಅತ್ತಿ?"

"ನಿಮ್ಮಪ್ಪನ ಹಲ್ಲಿನ ಗುರ್ತು ಇಲ್ಲೇ ಇತ್ತಲ್ಲೋ. ಹಲ್ಲು ಬರೂಮುಂದ ಎದ್ದು ನಿಂತು ಇದನ್ನೇ ಕಡಿತಿದ್ದ. ನಾನೇ ತೂಗ್ತಿದ್ದೆ. ಈ ಕೂಸಿನ ಕೈಲೆ ಅದನ್ನ ಮುಟ್ಟಸ್ಬೇಕಂತ ಬಂದೀನಿ."

ಅಂದರೆ ಅದು ಇಲಿಯ ಕೆಲಸವಲ್ಲ! ಅಪ್ಪ, ಚಿಕ್ಕಪ್ಪ, ನಾನು, ನನ್ನ ಮಗ, ಎಲ್ಲರೂ ಕಚ್ಚಿ ಇಟ್ಟದ್ದನ್ನು ಒಂದೇ ಮಧ್ಯಾಹ್ನದಲ್ಲಿ ಹೆರೆದು ಒಲೆಗೆ ಹಾಕಿದ್ದೆ. ಗೋಡೆಯ ಮೇಲಿನ ಫೋಟೊದಲ್ಲಿ ರುಮಾಲು ಸುತ್ತಿದ ಅಪ್ಪ ಇದ್ದಾನೆ. ಕೂಸಾಗಿದ್ದ ಅಪ್ಪ ಆ ಅಂಚಿನಲ್ಲಿ ಮಾತ್ರ ಇದ್ದ. ನನಗೆ ನಿಜಕ್ಕೂ ಅಳು ಬಂತು.

ಅತ್ತೆಗೆ ಕನಿಕರವಾಯಿತು. "ಹೋಗ್ಲಿ ಬಿಡೋ. ನೀನಾದ್ರೂ ಒಮ್ಮೆ ಕಡಿ. ಕೂಸಿಗೆ ಅಜ್ಜನ ಗುರ್ತಾದ್ರೂ ಉಳೀಲಿ."

ಸಮಸ್ತ ಬಂಧುಬಳಗದ ಸಮ್ಮುಖದಲ್ಲಿ, ಭಕ್ತಿಯಿಂದ ಬಾಗಿ, ಬಲವಾಗಿ ಕಚ್ಚಿದೆ. ತಲೆ ಎತ್ತಿದೆ. ನಾನು ಮೇಲೆ ಬಂದೆ, ಹಲ್ಲು ಬರಲಿಲ್ಲ! ಹೋದ ವರ್ಷ ಕಟ್ಟಿಸಿದ ಸೆಟ್ಟು ಹಸಿ ವಾರ್ನಿಶ್‌ಗೆ ಅಂಟಿ ಅಲ್ಲೇ ಕೂತಿತ್ತು.

ಸುಶೀಲಾ ಅದನ್ನು ಕಿತ್ತು ತೊಳೆದು ಕೊಟ್ಟಳು. "ಹಾಕ್ಕೋರಿ. ಇದ್ದದ್ದು ಇದ್ದಂಗ ಅನ್ನೂದು ನಿಮ್ಮ ಬಾಯಾಗೂ ಉಳದಿಲ್ಲ!"

ಅತ್ತೆ ಮಾತ್ರ ನಗಲಿಲ್ಲ. ಕೂಸಿನ ಪುಟ್ಟ ಬೆರಳನ್ನು ಹೊಸ ಕಚ್ಚಿನ ಮೇಲಿಟ್ಟು, "ಅಜ್ಜಂದು ನೋಡವ್ವ," ಎಂದಳು.

ಅಜ್ಜನದೆಲ್ಲಿ ಬಂತು? ಅದು ಅಫಜಲಪುರದ ಹಲ್ಲಿನ ಡಾಕ್ಟರದು!