ಸಮಾಧಿಯ ಮೇಲಿನ ಮಿರ್ಚಿ

ನಮ್ಮ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಏಸುಸ್ವಾಮಿಯೊಬ್ಬನನ್ನು ಬಿಟ್ಟರೆ ಇನ್ಯಾವ ಕ್ರೈಸ್ತನನ್ನೂ ನಂಬಿದವಳಲ್ಲ. ಅವನನ್ನಾದರೂ ನಂಬಿದ್ದು, ಅವನು ನಮ್ಮೂರು ನ್ಯಾಮತಿಗೆ ವರ್ಗವಾಗಿ ಬಂದವನಲ್ಲ ಎಂಬ ಒಂದೇ ಕಾರಣಕ್ಕೆ ಇರಬೇಕು!

ನ್ಯಾಮತಿಯಲ್ಲಿ ನಮ್ಮವರ ಮನೆಗಳು ಬೆರಳೆಣಿಕೆಯಷ್ಟು. ಚರ್ಚಿನಲ್ಲಿ ನಾವು ಚಪ್ಪಲಿ ಹೊರಗೆ ಬಿಟ್ಟು, ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರು. ಪ್ರಪಂಚದ ಕ್ರೈಸ್ತರೆಲ್ಲ ಹೀಗೇ ಎಂದು ಅತ್ತೆಯ ತಿಳಿವಳಿಕೆ. ಒಮ್ಮೆ ಮಂಗಳೂರಿನ ಕಡೆಯ ನೆಂಟರು ಬೂಟುಗಾಲಲ್ಲೇ ಒಳಗೆ ನಡೆದುಬಿಟ್ಟರು. ಅತ್ತೆ ಪ್ರಾರ್ಥನೆಯನ್ನು ಅರ್ಧಕ್ಕೇ ನಿಲ್ಲಿಸಿ ನನ್ನ ಕಿವಿಯಲ್ಲಿ, “ಇವ್ರಿಗೆ ಜ್ಞಾನಸ್ನಾನ ಆಗೈತೋ ಇಲ್ವೋ ವಿಚಾರಿಸು” ಎಂದಳು. ಕೇರಳದ ನರ್ಸಮ್ಮ ತನ್ನ ಮದುವೆಯ ಫೋಟೊ ತೋರಿಸಿದಾಗ ಇನ್ನೂ ಪಜೀತಿ. “ಮದ್ವೆಗೆ ಬಿಳಿ ಸೀರೆ ಯಾಕಮ್ಮ? ಗಂಡ ಬದುಕಿದಾನಲ್ಲ?” ಪಕ್ಕದಲ್ಲೇ ಕೂತಿದ್ದ ಗಂಡನಿಗೆ ಕುಡಿಯುತ್ತಿದ್ದ ಟೀ ನೆತ್ತಿಗೆ ಹತ್ತಿತು.

ಇಂಥವಳ ಕೈಗೆ ಹೋದ ವರ್ಷ ಜಾರ್ಖಂಡಿನ ಫಾದರ್ ಒಬ್ಬರು ಸಿಕ್ಕರು ನೋಡಿ! ಎಳೆ ವಯಸ್ಸು, ಹೊಸದಾಗಿ ಕಲಿತ ಕನ್ನಡ, ಮಾತು ಕಡಿಮೆ. ಮಾತು ಕಡಿಮೆ ಆಡುವವರು ಏನನ್ನೋ ಮುಚ್ಚಿಡುತ್ತಾರೆ ಎಂಬುದು ಅತ್ತೆಯ ಸಿದ್ಧಾಂತ. ಜಾಸ್ತಿ ಆಡುವವರು ಮುಚ್ಚಿಡಲಿಕ್ಕೆಂದೇ ಆಡುತ್ತಾರಂತೆ. ಅವಳಿಂದ ತಪ್ಪಿಸಿಕೊಳ್ಳುವುದು ಹೇಗೆ ಹೇಳಿ?

ಆದರೆ ಈ ಸಲದ ಅನುಮಾನದ ಬುಡದಲ್ಲಿ ನಿಜವಾದ ಹೆದರಿಕೆಯಿತ್ತು. ನಮ್ಮ ಮಾವನಿಗೆ ಮಂಡಕ್ಕಿ-ಮಿರ್ಚಿ ಇಲ್ಲದೆ ಸಂಜೆಯೇ ಆಗುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಪ್ರತಿ ನವೆಂಬರಿನ ಸತ್ತವರ ಹಬ್ಬಕ್ಕೆ ಅತ್ತೆ ಬಾಳೆ ಎಲೆ ಹಾಸಿ, ಸಮಾಧಿಯ ಮೇಲೆ ಅದನ್ನೇ ಎಡೆ ಇಡುತ್ತಾಳೆ. ಹಿಂದಿನ ಫಾದರ್ ಒಬ್ಬರು “ಮೇಣದ ಬತ್ತಿ ಸಾಕಲ್ಲ, ಎಡೆ ಯಾಕೆ?” ಎಂದಿದ್ದರು. ಅವರು ವರ್ಗವಾಗಿ ಹೋಗುವವರೆಗೂ ಅತ್ತೆ ಅವರ ಜೊತೆ ಮಾತು ಬಿಟ್ಟಿದ್ದಳು. ಈ ಹೊಸಬರು ಎಡೆಯನ್ನು ನಿಲ್ಲಿಸಿಯೇಬಿಟ್ಟರೆ ಮಾವ ಉಪವಾಸ!

ಅಷ್ಟರಲ್ಲಿ ಫಾದರ್ ನೋಟ್‌ಬುಕ್ ಹಿಡಿದು ಸ್ಮಶಾನ ಸುತ್ತುವುದು ಅವಳ ಕಣ್ಣಿಗೆ ಬಿತ್ತು. “ಬಿಷಪ್ಪರಿಗೆ ವರದಿ ಹೋಗ್ತೈತೆ. ನೋಡ್ಕೊಂಡ್ ಬಾ ಹೋಗು” ಎಂದು ಕೈಗೊಂದು ಡಬ್ಬಿ ಉಪ್ಪಿಟ್ಟು ಕೊಟ್ಟು ನನ್ನನ್ನು ಗೂಢಚಾರಿಕೆಗೆ ಅಟ್ಟಿದಳು. ಹಬ್ಬದ ಪ್ರಾರ್ಥನೆಯಲ್ಲಿ ಓದಲು ಸತ್ತವರ ಹೆಸರು ಬರೆದುಕೊಳ್ಳುತ್ತಿದ್ದಾರೆ, ಅಷ್ಟೇ ಎಂದು ಬಂದು ಹೇಳಿದೆ.

“ಮತ್ತೆ? ಹೆಸ್ರಿಲ್ದೆ ವರದಿ ಬರೆಯಾಕೆ ಆಗ್ತೈತಾ?”

ಹಬ್ಬದ ದಿನ ಅತ್ತೆ ಮಂಡಕ್ಕಿ-ಮಿರ್ಚಿಯ ಡಬ್ಬಿಯನ್ನು ಸೆರಗಿನೊಳಗೆ ಅಡಗಿಸಿಕೊಂಡೇ ಬಂದಳು. ಎಲೆ ಹಾಸಿ ಮಂಡಕ್ಕಿ ಸುರಿಯುವಷ್ಟರಲ್ಲಿ ಫಾದರ್ ತೀರ್ಥ ಚಿಮುಕಿಸುತ್ತಾ ನಮ್ಮ ಸಾಲಿಗೇ ಬಂದರು. ಅತ್ತೆ ಮಿರ್ಚಿಯಿದ್ದ ಡಬ್ಬಿಯನ್ನು ಮತ್ತೆ ಸೆರಗಿಗೆ ತುರುಕಿದಳು. ಫಾದರ್ ಮೂಗು ಅರಳಿತು.

“ಸೆರಗಲ್ಲಿ ಏನಮ್ಮಾ ಅದು?”

“ಔಷಧಿ” ಎಂದಳು ಅತ್ತೆ. ಕರಿದ ಮೆಣಸಿನಕಾಯಿಯ ಘಮ ಆಗಲೇ ಗೇಟಿನವರೆಗೂ ಹೋಗಿತ್ತು!

ಫಾದರ್ ನಗಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತರು. “ನಮ್ಮ ಊರಲ್ಲಿ ಅನ್ನ ಇಡುತ್ತಾರೆ ಅಮ್ಮಾ. ನನ್ನ ತಾಯಿ ತೀರಿಕೊಂಡಾಗ ನಾನು ಈ ಕಡೆ ಕನ್ನಡ ಕಲಿಯುತ್ತಾ ಇದ್ದೆ. ಮಣ್ಣು ಹಾಕಲಿಕ್ಕೂ ಹೋಗಲು ಆಗಲಿಲ್ಲ. ನನಗೂ ಸ್ವಲ್ಪ ಕೊಡುತ್ತೀರಾ? ಅವರಿಗೆ ಇಡುತ್ತೇನೆ.”

ಅತ್ತೆ ಅವರನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ.

“ನಿಮ್ಮವ್ವ ಖಾರ ತಿಂತಿದ್ರಾ?”

ಫಾದರ್ ಹೌದೆಂದು ತಲೆಯಾಡಿಸಿದರು. ಅವರ ಕಣ್ಣು ತುಂಬಿತ್ತು. ಅತ್ತೆ ಬಾಳೆ ಎಲೆಯ ತುದಿಯನ್ನು ಸೀಳಿ ಇನ್ನೊಂದು ಎಲೆ ಮಾಡಿದಳು. ಅದಕ್ಕೆ ಮಂಡಕ್ಕಿ ಹಾಕಿ, ಇದ್ದುದರಲ್ಲೇ ದೊಡ್ಡ ಮಿರ್ಚಿಯನ್ನು ಹುಡುಕಿಟ್ಟು ಫಾದರ್ ಕೈಗೆ ಕೊಟ್ಟಳು. ಆಮೇಲೆ ಮಾವನ ಎಲೆಯನ್ನು ಮೆಲ್ಲಗೆ ಪಕ್ಕಕ್ಕೆ ಎಳೆದು, ಸಮಾಧಿಯ ಕಡೆ ಬಗ್ಗಿದಳು.

“ರೀ, ಸ್ವಲ್ಪ ಆ ಕಡೆ ಸರ್ಕೊಳ್ರಿ. ಫಾದರ್ ಅವ್ರ ತಾಯಿ ದೂರದಿಂದ ಬಂದಾರೆ.”