ದೊಡ್ಡಮ್ಮನಿಗೆ ಹೇಳೋರು ಯಾರು?

ನಮ್ಮ ದೊಡ್ಡಮ್ಮನನ್ನು ನೋಡೋಕೆ ಬರೋದಾದರೆ ನಿಮ್ಮ ಹೆಸರನ್ನು ಮನೇಲೇ ಬಿಟ್ಟು ಬನ್ನಿ! ಮುಖ ನೋಡಿದ ಕೂಡಲೇ ಅವಳೇ ಒಂದು ಇಟ್ಟುಬಿಡ್ತಾಳೆ. ಜೋಗುಪಾಳ್ಯದ ನಮ್ಮ ಬೀದಿಯಲ್ಲಿ ಹಾಲಿನವನು ಸೊಟ್ಟಮೂಗು, ಇಸ್ತ್ರಿಯವನು ಬಾಂಡ್ಲಿ. ಇಸ್ತ್ರಿಯವನ ಹೆಂಡತಿಯೂ ಈಗ ಗಂಡನನ್ನು ಹಾಗೇ ಕರೀತಾಳಂತೆ, ಪಾಪ! ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಇವಳೇ. ಹಾಗಾಗಿ ಬೈಯೋಕೂ ಆಗಲ್ಲ, ಬಿಡೋಕೂ ಆಗಲ್ಲ.

ಮೇಲಿನ ರೂಮಿಗೆ ಮಣಿಪುರದ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಇಂದಿರಾನಗರದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್. ಅವಳ ಕನ್ನಡ ನಮ್ಮಣ್ಣನ ಕನ್ನಡಕ್ಕಿಂತ ವಾಸಿ. ದೊಡ್ಡಮ್ಮನಿಗೆ ಅವಳ ಮೇಲೆ ಜೀವ. ಸಾರು ಕುದಿದರೆ ನನ್ನ ಕೈಲಿ ಒಂದು ಬಟ್ಟಲು ಮೇಲಕ್ಕೆ. ಒಮ್ಮೆ ಅವಳಿಗೆ ಜ್ವರ ಬಂದಾಗ ಕೆಳಗೆ ಕರೆಸಿ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಳು ನೋಡಿ, ಬೀದಿಗೆ ಬೀದಿಯೇ ಕೆಮ್ಮಿತು! ಇಷ್ಟೆಲ್ಲ ಮಾಡಿ ಕರೆಯೋದು ಏನಂತ? "ಏ ಚೈನಾ!" ತರಕಾರಿ ಗಾಡಿ ಬಂದರೂ ಅಷ್ಟೇ: "ನಮ್ ಚೈನಾಗೆ ಎಳೇ ಬೆಂಡೆಕಾಯಿ ಆರಿಸ್ಕೊಡಪ್ಪಾ!"

ಒಂದು ಭಾನುವಾರ ಸಾರು ಕೊಡೋಕೆ ಮೇಲೆ ಹೋದಾಗ ಆ ಹುಡುಗಿ, "ಅಕ್ಕಾ, ಕಲ್ಯಾಣ ನಗರದಲ್ಲಿ ರೂಮ್ ನೋಡ್ತಿದೀನಿ" ಅಂದಳು. ಕಾರಣ ಗೊತ್ತೇ ಇತ್ತಲ್ಲ!

"ದೊಡ್ಡಮ್ಮಂಗೆ ನೀನೇ ಒಂದ್ ಮಾತು ಹೇಳ್ಬಾರ್ದಾ?"

"ನಾನು ಚೈನಾದೋಳಲ್ಲ ಅಂತ ಆಟೋದಲ್ಲೂ ನಾನೇ ಹೇಳ್ಬೇಕು, ವಾರ್ಡಲ್ಲೂ ನಾನೇ ಹೇಳ್ಬೇಕು. ಸಾಕಾಗಿದೆ ಅಕ್ಕಾ. ಮನೇಲೂ ನಾನೇನಾ? ಆಂಟಿ ನಿಮ್ಮೋರಲ್ವಾ?"

ನೇರ ಕೆಳಗಿಳಿದು ಅಣ್ಣನನ್ನು ಹಿಡಿದೆ.

ದೊಡ್ಡಮ್ಮನ ಮಗ, ಅಂದರೆ ನಮ್ಮಣ್ಣ, ಕಂಪನಿಗಳಿಗೆ ಹೋಗಿ, ಮುಖ-ಬಣ್ಣ ನೋಡಿ ಯಾರನ್ನೂ ಹೆಸರಿಟ್ಟು ಕರೀಬಾರದು ಅಂತಲೇ ಟ್ರೈನಿಂಗ್ ಕೊಡೋನು! ಮೈಕ್ ಸಿಕ್ಕರೆ ಬಿಡೋನಲ್ಲ, ಅಮ್ಮನ ಮುಂದೆ ಮಾತ್ರ ಗಪ್‌ಚುಪ್. "ನಾನ್ ಹೇಳಿದ್ರೆ ಊಟ ಹಾಕಲ್ಲ ಕಣೇ" ಅಂತ ಜಾರಿಕೊಳ್ಳೋಕೆ ನೋಡಿದ. ನಾನು ಬಿಡಲಿಲ್ಲ. ಕೊನೆಗೆ ಆಫೀಸಿನ ಸ್ಲೈಡುಗಳನ್ನೇ ಟೀವಿಗೆ ಹಾಕಿದ. ದೊಡ್ಡಮ್ಮ ಹುರಳಿಕಾಯಿ ನಾರು ತೆಗೀತಾ ಪೂರ್ತಿ ನೋಡಿದಳು.

"ಚೆನ್ನಾಗಿದೆ ಕಣೋ! ಎದುರುಮನೆಯವಳಿಗೂ ತೋರ್ಸು. ಬಾಯಿಗ್ ಬಂದಂಗ್ ಮಾತಾಡ್ತಾಳೆ!"

ಅಣ್ಣ ಟೀವಿ ಆರಿಸಿ ಪರಾರಿ. ಉಳಿದವಳು ನಾನು.

"ದೊಡ್ಡಮ್ಮಾ, ಆ ಹುಡುಗೀನ ಚೈನಾ ಅನ್ಬೇಡ. ಅವಳೂ ನಮ್ ದೇಶದೋಳೇ. ಹಾಗಂದ್ರೆ ನೋವಾಗುತ್ತೆ. ಅದಕ್ಕೇ ಮನೆ ಬಿಡ್ತಿದಾಳೆ." ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಅಯ್ಯೋ, ಪ್ರೀತಿಗೆ ಕರೆಯೋದಲ್ವೇನೇ! ಚಿಕ್ಕಂದಿನಿಂದ ನಿನ್ನ ಕರೀಮೂತಿ ಅಂತೀನಿ. ನೀನೇನ್ ಮನೆ ಬಿಟ್ ಹೋದ್ಯಾ?"

ಯಾಕೋ ನಗು ಬರಲಿಲ್ಲ. "ಹೋಗೋಕೆ ನಂಗೆ ಬೇರೆ ಮನೆ ಇರ್ಲಿಲ್ಲ ದೊಡ್ಡಮ್ಮಾ. ಮುಖಕ್ಕೆಲ್ಲ ಪೌಡರ್ ಬಳ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ" ಅಂದೆ.

ದೊಡ್ಡಮ್ಮ ನಾರು ತೆಗೆಯೋದು ನಿಲ್ಲಿಸಿದಳು. "ಇಷ್ಟ್ ವರ್ಷ ಯಾಕೇ ಹೇಳ್ಲಿಲ್ಲ?" ಅಂತ ನನ್ನ ಕೆನ್ನೆ ಹಿಡ್ಕೊಂಡು ಅತ್ತೇಬಿಟ್ಟಳು. ನಾನೂ ಅತ್ತುಬಿಟ್ಟೆ.

ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು ಎದ್ದಳು. ಮಂಡಿನೋವು ಅಂತ ಮಹಡಿ ಕಡೆ ತಲೆ ಹಾಕದವಳು, ಗೋಡೆ ಹಿಡಿದು ಹಿಡಿದು ಮೇಲೆ ಹತ್ತಿದಳು. ಬಾಗಿಲು ತಟ್ಟಿದ ಸದ್ದು ಕೇಳಿಸಿತು.

"ತಪ್ಪಾಯ್ತು ಮಗಳೇ. ಹೋಗ್ಬೇಡ."

ಚಿಲಕ ಸರಿಯಿತು. ಆಮೇಲೆ, "ಒಳಗ್ ಬನ್ನಿ ಆಂಟಿ, ನಿಂತ್ಕೋಬೇಡಿ, ಮಂಡಿ ನೋಯುತ್ತೆ" ಅಂದಳು ಹುಡುಗಿ.

ಉಸ್ಸಪ್ಪಾ! ನಾನು ಮೆಟ್ಟಿಲ ಬುಡದಲ್ಲೇ ಕೂತುಬಿಟ್ಟೆ. ಅವಳು ಮನೆ ಬಿಡಲಿಲ್ಲ. ನನಗೂ ಅವತ್ತು ಮೊದಲನೇ ಸಲ, ಇದು ನನ್ನ ಮನೆ ಅನ್ನಿಸಿತು.